ನಾಲ್ಕು ಬೆರಳು ಹಿಂದೆ

ನಾನು ಒಂದು ಲೆನ್ಸು. ಕ್ಯಾಮೆರಾದ ಮೂತಿಗೆ ಹಚ್ಚಿ ತಿರುವಿದರೆ ಕಟಕ್ ಎಂದು ಕೂರುವ, ಅಂಗೈಯಲ್ಲಿ ಹಿಡಿಯುವಷ್ಟು ಗಿಡ್ಡ ಜೀವ. ಹೊಟ್ಟೆಯೊಳಗೆ ಆರು ಗಾಜು, ಒಂದು ಪುಟ್ಟ ಮೋಟಾರು, ಬೆನ್ನಿನ ಮೇಲೆ ಬಂಗಾರದ ಬಣ್ಣದ ಚುಕ್ಕೆಗಳ ಸಾಲು. ಮುಚ್ಚಳ ತೆಗೆದಾಗ ನನಗೆ ಲೋಕ ಕಾಣುತ್ತದೆ, ಹಾಕಿದಾಗ ಬರೀ ಕೇಳಿಸುತ್ತದೆ. ನನ್ನ ಆಯುಷ್ಯದಲ್ಲಿ ಸಾವಿರಾರು ಮುಖ ಕಂಡಿದ್ದೇನೆ. ಅವುಗಳಲ್ಲಿ ಒಂದೇ ಒಂದು ಮುಖವನ್ನು ಉಳಿಸಿಕೊಡಬೇಕಿತ್ತು, ಆಗಲಿಲ್ಲ. ಅದರಲ್ಲಿ ನನ್ನ ತಪ್ಪೆಷ್ಟು, ಗುಳೇದಗುಡ್ಡದ ಫೋಟೋಗ್ರಾಫರ್ ಚನ್ನವೀರನ ತಪ್ಪೆಷ್ಟು ಎಂದು ಹದಿಮೂರು ವರ್ಷ ತೂಗಿ ಸಾಕಾಗಿದೆ. ಇನ್ನು ನೀವೇ ಕೇಳಿ.

ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಬಿಳಿ ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನನ್ನು ಗೋಡೆಯ ಮೇಲಿನ ಗೆರೆಗಳ ಚಿತ್ರಕ್ಕೆ ಹಿಡಿದು, ನಾಲ್ಕು ಸಲ ನೋಡಿ, ತಲೆಯಾಡಿಸಿ ಪೆಟ್ಟಿಗೆಗೆ ಹಾಕಿದಳು. ಅಂದು ನನ್ನಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ, ಆಮೇಲೆ ತಿಂದ ಬೈಗುಳ ಅಷ್ಟಿಷ್ಟಲ್ಲ.

ಮೊದಲ ಯಜಮಾನ ಬೆಳಗಾವಿಯ ಒಬ್ಬ ಹಲ್ಲಿನ ಡಾಕ್ಟರು. ಅವರಿಗೆ ಹಕ್ಕಿಗಳ ಹುಚ್ಚು. ನಾನು ಹತ್ತಿರದ ಮುಖಗಳಿಗೆ ಮಾಡಿದ ಲೆನ್ಸು. ನನ್ನನ್ನು ಹಿಡಿದು ಮರದ ತುದಿಯ ಗಿಳಿಯನ್ನು ತೆಗೆದರೆ ಅದು ಸಾಸಿವೆ ಕಾಳಿನಷ್ಟು ಬರುತ್ತಿತ್ತು. ಡಾಕ್ಟರು ನನ್ನನ್ನೇ ಬೈಯುತ್ತಿದ್ದರು. ಒಂದು ಬೆಳಿಗ್ಗೆ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಬ್ಯಾಗಿಟ್ಟುಕೊಂಡು ಹೊರಟವರು ರಸ್ತೆಯ ಉಬ್ಬನ್ನು ನೋಡಲಿಲ್ಲ. ಬ್ಯಾಗು ಹಾರಿತು, ನಾನು ಡಾಂಬರಿಗೆ ಬಿದ್ದೆ. ಮೈಮೇಲೆ ಒಂದು ಗೆರೆಯೂ ಮೂಡಲಿಲ್ಲ. ಒಳಗೆ ಮಾತ್ರ ಒಂದು ಗಾಜು ಕೂದಲೆಳೆಯಷ್ಟು ವಾಲಿತು.

ಅಂದಿನಿಂದ ನನ್ನ ಗುರಿ ಕೆಟ್ಟಿತು. ಕ್ಯಾಮೆರಾ ಹೇಳುತ್ತದೆ, ಆ ಕಣ್ಣಿಗೆ ಹೋಗು ಎಂದು. ಮೋಟಾರು ಓಡುತ್ತದೆ, ನಿಲ್ಲುತ್ತದೆ. ಪಿಂಯ್ ಎಂದು ಸದ್ದಾಗುತ್ತದೆ, ಅಂದರೆ ಗುರಿ ಮುಟ್ಟಿದೆ ಎಂದರ್ಥ. ಆದರೆ ನಾನು ನಿಂತದ್ದು ಕಣ್ಣಿಗಿಂತ ನಾಲ್ಕು ಬೆರಳು ಹಿಂದೆ. ದೂರದ ವಸ್ತುಗಳಿಗೆ ನಾಲ್ಕು ಬೆರಳು ಲೆಕ್ಕಕ್ಕಿಲ್ಲ. ಬೆಳಕು ಚೆನ್ನಾಗಿದ್ದು ನನ್ನ ಕಿಂಡಿಯನ್ನು ಸಣ್ಣದು ಮಾಡಿದಾಗಲೂ ಹಿಂದು ಮುಂದು ಎಲ್ಲ ನಿಚ್ಚಳವಾಗಿ ಬಂದು ದೋಷ ಮುಚ್ಚಿಹೋಗುತ್ತದೆ. ಬೆಳಕು ಕಡಿಮೆಯಿರುವ ಕೋಣೆಯಲ್ಲಿ, ಕಿಂಡಿಯನ್ನು ಪೂರಾ ತೆರೆದು, ಹತ್ತಿರದ ಮುಖವೊಂದನ್ನು ತೆಗೆದಾಗಲೇ ನನ್ನ ಬಣ್ಣ ಬಯಲಾಗುವುದು. ಡಾಕ್ಟರಿಗೆ ಅದು ತಿಳಿಯಿತು. ಯಾರಿಗೂ ಹೇಳದೆ ಹುಬ್ಬಳ್ಳಿಯ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಕೊಟ್ಟು ಕೈತೊಳೆದುಕೊಂಡರು.

ಆ ಅಂಗಡಿಗೆ ಬಂದವನೇ ಚನ್ನವೀರ. ಮೂವತ್ತೈದರ ಆಸುಪಾಸು, ತೆಳ್ಳನೆಯ ಆಳು, ಮಾತಿಗಿಂತ ಮೂಗಿನ ತುದಿಯ ಸಿಟ್ಟು ಮುಂದೆ. ತಾನು ಬಹಳ ಜಾಣನೆಂದು ಅವನ ನಂಬಿಕೆ. ನನ್ನನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಬಿಸಿಲಿಗೆ ಹಿಡಿದು ಒಳಗೆ ಬೂಷ್ಟು ಹಿಡಿದಿದೆಯೇ ಎಂದು ನೋಡಿದ. ಉಂಗುರ ತಿರುವಿದ. ಕೊನೆಗೆ ಅಂಗಡಿಯ ಬಾಗಿಲಿಗೆ ಬಂದು, ರಸ್ತೆಯಾಚೆಯ ಬಟ್ಟೆ ಅಂಗಡಿಯ ಬೋರ್ಡಿಗೆ ಗುರಿಯಿಟ್ಟು ತೆಗೆದ. ಒಂದೊಂದು ಅಕ್ಷರವೂ ಕೆತ್ತಿದ ಹಾಗೆ ಬಂತು. ಅವನು ಹಿಗ್ಗಿದ. ದೂರದ ಬೋರ್ಡು ಬಿಟ್ಟು ಅಲ್ಲೇ ಕುಳಿತಿದ್ದ ಅಂಗಡಿಯವನ ಮೂಗಿಗೆ ಗುರಿಯಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಹೀಗೆ ನಾನು ಗುಳೇದಗುಡ್ಡಕ್ಕೆ ಬಂದೆ. ಕಲ್ಲುಗುಡ್ಡದ ಬುಡದ ಊರು, ಓಣಿ ಓಣಿಯಲ್ಲಿ ಮಗ್ಗದ ಸದ್ದು. ಕುಪ್ಪಸದ ಖಣ ನೇಯುವುದು ಅಲ್ಲಿನ ಜನರ ಕೆಲಸ. ಚನ್ನವೀರನ ಸ್ಟುಡಿಯೋ ಕೆಳಗೆ, ಮನೆ ಮೇಲೆ. ಮನೆಯಲ್ಲಿ ಅವನ ತಾಯಿ ಕಾಶವ್ವ, ಹೆಂಡತಿ ನೀಲವ್ವ, ಮೂರು ವರ್ಷದ ಮಗಳು ದಾನೇಶ್ವರಿ. ಮಗಳನ್ನು ಎಲ್ಲರೂ ದಾನಿ ಎನ್ನುತ್ತಿದ್ದರು. ನೀಲವ್ವ ನೇಕಾರರ ಮನೆಯ ಮಗಳು. ಎಂಟನೆಯ ವಯಸ್ಸಿನಿಂದ ನೂಲು ಸುತ್ತಿದವಳು. ಮದುವೆಯಾಗಿ ಬಂದಮೇಲೆ ಸ್ಟುಡಿಯೋದ ಅರ್ಧ ಕೆಲಸ ಅವಳದೇ ಆಗಿತ್ತು. ಪರದೆ ಬಿಡಿಸುವುದು, ಮುಖಕ್ಕೆ ಬೆಳಕು ಬೀಳುವಂತೆ ಥರ್ಮೋಕೋಲ್ ಹಲಗೆ ಹಿಡಿಯುವುದು, ಪಾಸ್‌ಪೋರ್ಟ್ ಫೋಟೋ ಕತ್ತರಿಸುವುದು. ಇದಲ್ಲದೆ ಇನ್ನೊಂದು ಕೆಲಸವಿತ್ತು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಆ ಕಡೆಯ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈತೊಳೆದು, ಹಣೆಗೆ ವಿಭೂತಿ ಬಳಿದು, ಹೂವಿನ ಹಾರ ಹಾಕಿ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಮನೆಯವರೆಲ್ಲ ಅಕ್ಕಪಕ್ಕ ಕೂತು ಕೊನೆಯ ಫೋಟೋ ತೆಗೆಸಿಕೊಳ್ಳುತ್ತಾರೆ. ಬದುಕಿರುವಾಗ ಒಂದು ಫೋಟೋವನ್ನೂ ತೆಗೆಸದ ಮುದುಕಿಗೆ ಅದೇ ಮೊದಲನೆಯದು, ಅದೇ ಕಡೆಯದು. ಈ ಫೋಟೋಗಳಲ್ಲಿ ಚನ್ನವೀರನದು ಎತ್ತಿದ ಕೈ. ತಲೆ ವಾಲದಿರಲೆಂದು ಗದ್ದಕ್ಕೆ ಬಟ್ಟೆ ಕಟ್ಟಿರುತ್ತಾರಲ್ಲ, ಅದು ಫೋಟೋದಲ್ಲಿ ಕಾಣಬಾರದೆಂದು ಅವನು ಆ ಗಂಟು ಬಿಚ್ಚಿಸುತ್ತಿದ್ದ. ಆಗ ಹಿಂದಿನಿಂದ ಯಾರಾದರೂ ತಲೆ ಹಿಡಿಯಬೇಕು. ಹೆಣ್ಣುಮಕ್ಕಳು ತೀರಿಕೊಂಡ ಮನೆಯಲ್ಲಿ ಆ ಕೆಲಸ ನೀಲವ್ವನದು. ಹೆಣದ ಬೆನ್ನಿಗೆ ಕೂತು, ಕಿವಿಯ ಕೆಳಗೆ ದವಡೆಗೆ ಬೆರಳು ಕೊಟ್ಟು, ತನ್ನ ತಲೆಯನ್ನು ತಗ್ಗಿಸಿ ಸೆರಗು ಮುಚ್ಚಿಕೊಳ್ಳುತ್ತಿದ್ದಳು. ಆಮೇಲೆ ಚನ್ನವೀರ ಕಂಪ್ಯೂಟರಿನಲ್ಲಿ ಅವಳ ಸೆರಗು, ಬೆರಳು ಎಲ್ಲವನ್ನೂ ಅಳಿಸುತ್ತಿದ್ದ. ಊರಿನ ನಲವತ್ತು ಮನೆಗಳ ಗೋಡೆಯ ಮೇಲೆ ಹೀಗೆ ನೀಲವ್ವ ಇದ್ದಾಳೆ, ಕಾಣುವುದಿಲ್ಲ.

ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ. ಊರಿಗೆಲ್ಲ ಫೋಟೋ ತೆಗೆಯುವವನ ಮನೆಯಲ್ಲಿ ಹೆಂಡತಿಯದೇ ಫೋಟೋ ಇರಲಿಲ್ಲ. ಮದುವೆಯಾದದ್ದು ಮಠದ ಸಾಮೂಹಿಕ ವಿವಾಹದಲ್ಲಿ. ಇಪ್ಪತ್ತೇಳು ಜೋಡಿಗಳ ಗುಂಪು ಚಿತ್ರದಲ್ಲಿ ಅವಳ ಮುಖ ಮೆಣಸಿನಕಾಯಿ ಬೀಜದಷ್ಟು, ಅದರ ಮೇಲೆ ಬಾಸಿಂಗ. ಮತದಾರರ ಚೀಟಿಯಲ್ಲಿ ಇದ್ದದ್ದು ಕಪ್ಪು ಮಸಿಯ ಒಂದು ಗುರುತು, ಅದು ಯಾರದಾದರೂ ಆಗಬಹುದಿತ್ತು. ಮನೆಯಲ್ಲಿದ್ದದ್ದು ಆಗಿನ ಗುಂಡಿ ಒತ್ತುವ, ಕ್ಯಾಮೆರಾ ಇಲ್ಲದ ಫೋನು. ಚನ್ನವೀರ ಕರೆದಾಗಲೆಲ್ಲ ಅವಳು ಜಾರಿಕೊಳ್ಳುತ್ತಿದ್ದಳು.

"ನಿಮ್ಮ ಕೈಯಾಗ ಫೋಟೋ ತಗಸ್ಕೊಂಡವ್ರೆಲ್ಲಾ ಗ್ವಾಡಿ ಮ್ಯಾಲ ಅದಾರ. ನನಗೇನ ಅವಸರ ಇಲ್ರೀ" ಎಂದು ನಗುತ್ತಿದ್ದಳು. ಒಂದು ಸಲ ನಗದೆ ಇನ್ನೊಂದು ಮಾತೂ ಹೇಳಿದ್ದಳು. "ಜೀವ ಇದ್ದಾಗ ತಗೀರಿ. ಹ್ವಾದ ಮ್ಯಾಲ ನನ್ನ ಕುಂಡ್ರಿಸಿ ತಗೀಬ್ಯಾಡ್ರಿ. ನನ್ನ ತಲಿ ಹಿಂದ ಯಾರರ ಮುಖ ಮುಚ್ಕೊಂಡು ಕುಂಡ್ರೂದು ನನಗ ಬ್ಯಾಡ." ಚನ್ನವೀರ ಹೂಂ ಎಂದ. ಅವನ ಹೂಂ ಬಹಳ ಅಗ್ಗ, ಎಲ್ಲದಕ್ಕೂ ಸಿಗುತ್ತಿತ್ತು.

ನನ್ನ ದೋಷವನ್ನು ಮೊದಲು ಹಿಡಿದವಳು ನೀಲವ್ವನೇ. ಸ್ಟುಡಿಯೋದ ದೀಪಗಳ ಕೆಳಗೆ ನಾನು ಬಚಾವಾಗುತ್ತಿದ್ದೆ. ಆದರೆ ಮಗ್ಗದ ಮನೆಯೊಂದರ ತೊಟ್ಟಿಲ ಕಾರ್ಯದ ಫೋಟೋ ಕತ್ತರಿಸುತ್ತಾ ಅವಳು ನಾಲ್ಕೈದನ್ನು ಪಕ್ಕಕ್ಕಿಟ್ಟಳು. ಎಲ್ಲರ ಕಿವಿಗಳು ಚಂದ ಬಂದಿವೆ, ಕಣ್ಣು ಮಾತ್ರ ಬಂದಿಲ್ಲ ಎಂದಳು. ಚನ್ನವೀರ ಜನ ಅಲುಗಾಡಿದ್ದಾರೆ ಎಂದ. ಎಲ್ಲರೂ ಒಟ್ಟಿಗೆ ಅಲುಗಾಡಿ ಕಿವಿಗಳಷ್ಟೇ ಅಲುಗಾಡದೆ ನಿಲ್ಲುವುದು ಹೇಗೆ ಎಂದು ಅವಳು ಕೇಳಿದಳು. ಅದಕ್ಕೆ ಅವನು ಸಿಟ್ಟಾದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನಂತೂ ನೆಲ, ಜನ, ಕರೆಂಟು ಎಲ್ಲವನ್ನೂ ಡೊಂಕು ಎಂದ.

ಆದರೂ ಒಂದು ಮಧ್ಯಾಹ್ನ ಕದ್ದು ನನ್ನನ್ನು ಬಿಚ್ಚಿ ಕೂತ. ಬೆನ್ನಿನ ಚುಕ್ಕೆಗಳನ್ನು ರಬ್ಬರಿನಿಂದ ತಿಕ್ಕಿದ. ರಬ್ಬರಿನ ಪುಡಿಯನ್ನು ಊದಿದ. ಪಕ್ಕದ ಗುಂಡಿಯನ್ನು ಹತ್ತು ಸಲ ಅತ್ತಿತ್ತ ಸರಿಸಿದ, ಬ್ಯಾಟರಿ ಬದಲಿಸಿದ. ಆಮೇಲೆ ಪರೀಕ್ಷೆ ಮಾಡಲು ಏನು ಮಾಡಿದನೆನ್ನುತ್ತೀರಿ? ಬಾಗಿಲಿಗೆ ಹೋಗಿ ಎದುರಿನ ಗುಡ್ಡದ ಬಂಡೆಗೆ ಗುರಿಯಿಟ್ಟ. ಬಂಡೆ ಚೆನ್ನಾಗಿಯೇ ಬಂತು. ಸರಿಹೋಯಿತು ಎಂದು ಚಹಾ ಕುಡಿಯಲು ಎದ್ದುಹೋದ. ನನಗೆ ಬಾಯಿದ್ದಿದ್ದರೆ ಅಂದೇ ಕೂಗಿ ಹೇಳುತ್ತಿದ್ದೆ.

ಆ ಮೇಲಿನ ತಿಂಗಳು ಕಾಶವ್ವ ತೀರಿಕೊಂಡಳು. ಬೆಳಗಿನ ಚಹಾ ಕುಡಿದು ಗೋಡೆಗೆ ಒರಗಿದವಳು ಏಳಲಿಲ್ಲ. ಅಂಥ ಸುಖದ ಸಾವು ಯಾರಿಗುಂಟು ಎಂದು ಬಂದವರೆಲ್ಲ ಹೇಳಿದರು. ನಡುಮನೆಯಲ್ಲಿ ಅವಳನ್ನು ಕೂರಿಸಿದರು. ಕಿಟಕಿ ಒಂದೇ, ಬೆಳಕು ಕಮ್ಮಿ. ತನ್ನ ತಾಯಿಯ ಕೊನೆಯ ಫೋಟೋವನ್ನು ಬೇರೆಯವರ ಕೈಗೆ ಕೊಡಲು ಚನ್ನವೀರ ಒಪ್ಪಲಿಲ್ಲ. ತಾಯಿಯ ಮುಖದ ಮೇಲೆ ಫ್ಲಾಶ್ ಹೊಡೆಯಲೂ ಅವನಿಗೆ ಮನಸ್ಸಾಗಲಿಲ್ಲ. ನನ್ನ ಕಿಂಡಿಯನ್ನು ಪೂರಾ ತೆರೆದ.

ಹಿಂದೆ ನೀಲವ್ವ ಕೂತಳು. ಪ್ರತಿ ಸಲದಂತೆ ಸೆರಗು ಮುಚ್ಚಿಕೊಳ್ಳಬೇಕಿತ್ತು. ಅಂದು ಮರೆತಳು. ಅತ್ತೆಯ ದವಡೆಗೆ ಬೆರಳು ಕೊಟ್ಟವಳು, ತನ್ನ ಕೆನ್ನೆಯನ್ನು ಅತ್ತೆಯ ಕಿವಿಯ ಹತ್ತಿರ ತಂದು, ಆ ನೆರೆತ ಕೂದಲನ್ನು ನೋಡುತ್ತಾ ಕೂತುಬಿಟ್ಟಳು. ಏಳು ವರ್ಷ ಒಂದೇ ಒಲೆಯ ಮುಂದೆ ಬದುಕಿದವರು. ಚನ್ನವೀರ ತಾಯಿಯ ಕಣ್ಣಿಗೆ ಗುರಿಯಿಟ್ಟ. ಮೋಟಾರು ಓಡಿತು, ಪಿಂಯ್ ಎಂದಿತು. ನಾನು ತಾಯಿಯ ಕಣ್ಣನ್ನು ದಾಟಿ, ನಾಲ್ಕು ಬೆರಳು ಹಿಂದೆ ಹೋಗಿ, ನೀಲವ್ವನ ಮುಖದ ಮೇಲೆ ನಿಂತೆ.

ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ಚಿತ್ರವನ್ನು ನಾನು ಇನ್ನೊಂದು ತೆಗೆದಿಲ್ಲ. ಆ ಮುಖ ಹೇಗಿತ್ತೆಂದು ಈಗ ಹೇಳುವುದಿಲ್ಲ, ಕೊನೆಗೆ ಹೇಳುತ್ತೇನೆ.

ಮರುದಿನ ಚನ್ನವೀರ ಕಂಪ್ಯೂಟರಿನಲ್ಲಿ ಅದನ್ನು ತೆರೆದ. ತಾಯಿಯ ಕಣ್ಣು, ಮೂಗು, ವಿಭೂತಿ ಎಲ್ಲ ಮಂಜು. ತಾಯಿಯನ್ನು ಮಣ್ಣಿಗೆ ಕೊಟ್ಟಾಗಿತ್ತು, ಇನ್ನೊಮ್ಮೆ ಕೂರಿಸಲು ಬರುತ್ತಿರಲಿಲ್ಲ. ಊರವರ ತಾಯಂದಿರನ್ನೆಲ್ಲ ನೆಟ್ಟಗೆ ತೆಗೆದುಕೊಟ್ಟವನು ತನ್ನ ತಾಯಿಯನ್ನು ಕಳೆದುಕೊಂಡಿದ್ದ. ದುಃಖಕ್ಕೆ ಒಂದು ದಾರಿ ಬೇಕಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಕಾರ್ಯಕ್ಕೆ ಬಂದ ಬೀಗರು ಬಿಜ್ಜರು ಕೂತಿರುವಾಗಲೇ ಅವನು ನೀಲವ್ವನ ಕಡೆ ತಿರುಗಿದ.

"ಗಟ್ಟಿ ಹಿಡ್ಯಾಕ ಆಗಲಾರದ ಕೈ ಇದ್ರ ಯಾಕ ಕುಂತಿ? ತಲಿ ಅಲುಗಾಡಿಸಿ ನಮ್ಮವ್ವನ ಕಳದಿ."

ನೀಲವ್ವ ಮಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆ ಸಂಜೆ ಚನ್ನವೀರ ಇದ್ದದ್ದನ್ನೇ ಸರಿಮಾಡಲು ಕೂತ. ಮೇಜಿನ ಮೇಲೆ ನಾನು ಮುಚ್ಚಳವಿಲ್ಲದೆ ಅವನ ಕಡೆ ಮುಖ ಮಾಡಿ ಕೂತಿದ್ದೆ. ಅಷ್ಟು ನಿಚ್ಚಳವಾದ ಮುಖವೊಂದು ಪಕ್ಕದಲ್ಲಿದ್ದರೆ ತಾಯಿಯ ಮುಖ ಇನ್ನೂ ಮಂಕಾಗಿ ಕಾಣುತ್ತದೆ. ಅವನಿಗೆ ಅದು ಹೆಂಡತಿಯ ಮುಖವಾಗಿ ಕಾಣಲೇ ಇಲ್ಲ. ಅಳಿಸಬೇಕಾದ ವಸ್ತುವಾಗಿ ಕಂಡಿತು. ಸೆರಗಿನಿಂದ ಶುರುಮಾಡಿದ. ಕೂದಲು ಹೋಯಿತು, ಹಣೆ ಹೋಯಿತು. ಅಳಿಸಿದಲ್ಲೆಲ್ಲ ಸ್ಟುಡಿಯೋದ ಪರದೆಯ ನೀಲಿ ಬಣ್ಣ ಬಳಿದ.

ಅವನ ಹಿಂದೆ ಚಹಾದ ಕಪ್ಪು ಹಿಡಿದು ನೀಲವ್ವ ನಿಂತಿದ್ದಳು. ತನ್ನ ಮುಖವೇ ಇಷ್ಟಿಷ್ಟಾಗಿ ಹೋಗುವುದನ್ನು ನೋಡಿದಳು. ಆಮೇಲೆ ಮೆಲ್ಲಗೆ, "ಕಿವಿ ಇರ್ಲಿ ಬಿಡ್ರೀ, ಚಂದ ಬಂದೈತಿ" ಎಂದಳು. ಚೇಷ್ಟೆಯ ಮಾತು. ಬೆಳಗಿನ ಸಿಟ್ಟನ್ನು ಅವಳು ಮರೆತಿದ್ದಳೋ, ಮರೆತಂತೆ ಮಾಡಿದಳೋ ನನಗೆ ಗೊತ್ತಿಲ್ಲ. ಚನ್ನವೀರ ತಿರುಗಿ ನೋಡಲಿಲ್ಲ. ಕಿವಿಯನ್ನೂ ಅಳಿಸಿದ. ಉಳಿದದ್ದು ಅತ್ತೆಯ ದವಡೆಯ ಕೆಳಗಿನ ನಾಲ್ಕು ಬೆರಳು. ಅದನ್ನು ಅಳಿಸಿದರೆ ತಾಯಿಯ ಕೆನ್ನೆಯ ಅಂಚೇ ಹೋಗುತ್ತಿತ್ತು. ಮಲ್ಲಿಗೆಯ ಹಾರದ ಜೊತೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಬಿಟ್ಟ. ಅದೇ ಹೆಸರಿನಲ್ಲಿ, ಮೂಲ ಚಿತ್ರದ ಮೇಲೆಯೇ ಸೇವ್ ಮಾಡಿದ. ಮರುದಿನ ಒಪ್ಪಿಕೊಂಡ ಮದುವೆಯೊಂದಿತ್ತು. ಮೆಮೊರಿ ಕಾರ್ಡನ್ನು ಖಾಲಿ ಮಾಡಿ ಕ್ಯಾಮೆರಾಕ್ಕೆ ಹಾಕಿದ. ಫೋಟೋ ನೋಡಿದ ನೆಂಟರು, ಮುದುಕಿ ಆಗಲೇ ಕೈಲಾಸಕ್ಕೆ ಹೊರಟ ಹಾಗೆ ಮಂಜು ಮಂಜಾಗಿ ಬಂದಿದ್ದಾಳೆ, ಬಹಳ ಕಳೆ ಇದೆ ಎಂದು ಹೊಗಳಿದರು.

ವಾರ ಕಳೆದ ಮೇಲೆ ನೀಲವ್ವ ತವರಿಗೆ ಹೋಗಿ ಬಂದಳು. ತವರೆಂದರೆ ಎರಡು ಓಣಿಯಾಚೆ, ತಮ್ಮ ಹುಚ್ಚೇಶನ ಮಗ್ಗದ ಮನೆ. ಬರುವಾಗ ಉಡಿಯಲ್ಲಿ ಏಳು ಕಂಡಿಕೆ ತಂದಿದ್ದಳು. ಕಂಡಿಕೆ ಎಂದರೆ ಲಾಳಿಯೊಳಗೆ ಹಾಕುವ, ನೂಲು ಸುತ್ತಿದ ಕಿರುಬೆರಳಿನ ಗಾತ್ರದ ಕಡ್ಡಿ. ಏಳೂ ಬೇರೆ ಬೇರೆ ಬಣ್ಣ. ಅವನ್ನು ಮೇಜಿನ ಮೇಲೆ ಒಂದರ ಹಿಂದೆ ಒಂದು, ಎರಡೆರಡು ಬೆರಳು ಬಿಟ್ಟು ಓರೆಯಾಗಿ ನಿಲ್ಲಿಸಿದಳು. ಕಿಟಕಿ ಮುಚ್ಚಿ ಬೆಳಕು ಕಮ್ಮಿ ಮಾಡಿದಳು. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಏರಿಸಿ, ಕಿಂಡಿ ಪೂರಾ ತೆರೆದು ನಡುವಿನ ಕೆಂಪಿಗೆ ಗುರಿಯಿಡಿ ಎಂದಳು. ಅವನು ಗೊಣಗುತ್ತಲೇ ಇಟ್ಟ.

ಚಿತ್ರದಲ್ಲಿ ಕೆಂಪು ಕಂಡಿಕೆ ಮಂಜು. ಅದರ ಹಿಂದಿನ ಎರಡನೆಯದು, ಹಸಿರು, ಎಳೆ ಎಳೆ ಎಣಿಸುವಷ್ಟು ನಿಚ್ಚಳ. ಐದು ಸಲ ತೆಗೆದರು, ಐದು ಸಲವೂ ಹಸಿರೇ. ನೀಲವ್ವ ಕೆಂಪಿಗೂ ಹಸಿರಿಗೂ ನಡುವೆ ತನ್ನ ಬೆರಳುಗಳನ್ನು ಇಟ್ಟು ಅಳೆದಳು. ಸರಿಯಾಗಿ ನಾಲ್ಕು.

"ನಾ ಅಲುಗಾಡಿಸಿದ್ದಿಲ್ಲ" ಎಂದಳು. ಅಷ್ಟೇ ಅಂದದ್ದು.

ಚನ್ನವೀರ ಕಂಡಿಕೆಗಳನ್ನು ಒಂದೊಂದಾಗಿ ಎತ್ತಿ ಅವಳ ಉಡಿಗೆ ಹಾಕಿದ. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಬದಲಿಗೆ, ಬಾ, ನಿನ್ನದೊಂದು ಫೋಟೋ ತೆಗೆಯುತ್ತೇನೆ ಎಂದ. ಅವನಂಥವರ ಕ್ಷಮೆ ಹಾಗೇ ಇರುತ್ತದೆ. ನೀಲವ್ವನಿಗೂ ಅದು ತಿಳಿಯಿತು. ಈ ಸಲ ಜಾರಿಕೊಳ್ಳಲಿಲ್ಲ.

"ಮದಲ ಅದರ ಕಣ್ಣ ನೆಟ್ಟಗ ಮಾಡಸ್ರಿ. ಇಲ್ಲಾಂದ್ರ ನನ್ನವೂ ಕಿವಿ ಅಷ್ಟ ಬರ್ತಾವ" ಎಂದಳು. ಸೀಗಿ ಹುಣ್ಣಿಮೆಗೆ ಹುಚ್ಚೇಶ ಹೊಸ ಖಣ ನೇಯ್ದು ಕೊಡುತ್ತಾನೆ, ಕುಪ್ಪಸ ಹೊಲಿಸಿ, ದಾನಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ತೆಗೆಸಿಕೊಳ್ಳುತ್ತೇನೆ ಎಂದೂ ಹೇಳಿದಳು.

ಸೀಗಿ ಹುಣ್ಣಿಮೆಗೆ ಇನ್ನೂ ನಾಲ್ಕು ತಿಂಗಳಿತ್ತು. ನಡುವೆ ಮದುವೆಗಳ ಸಾಲು. ನನ್ನನ್ನು ರಿಪೇರಿಗೆ ಕಳಿಸಿದರೆ ಕೆಲಸ ನಿಲ್ಲುತ್ತದೆಂದು ಚನ್ನವೀರ ಒಂದು ಉಪಾಯ ಕಲಿತ. ಗುರಿಯಿಟ್ಟು, ಪಿಂಯ್ ಎಂದೊಡನೆ ಗುಂಡಿಯನ್ನು ಅರ್ಧ ಒತ್ತಿ ಹಿಡಿದು, ಇಡೀ ಮೈಯನ್ನು ನಾಲ್ಕು ಬೆರಳು ಹಿಂದಕ್ಕೆ ವಾಲಿಸಿ, ಆಮೇಲೆ ತೆಗೆಯುವುದು. ಆಗ ನಾನು ನಿಂತ ಜಾಗವೂ ನಾಲ್ಕು ಬೆರಳು ಮುಂದೆ ಬಂದು ಕಣ್ಣು ನೆಟ್ಟಗೆ ಬೀಳುತ್ತಿತ್ತು. ಮದುವೆ ಮನೆಗಳಲ್ಲಿ ಹುಡುಗಿಯರು ಅವನ ಆ ವಾಲಾಟ ನೋಡಿ ನಗುತ್ತಿದ್ದರು. ನೀಲವ್ವ ಬೆಳಕಿನ ಹಲಗೆ ಹಿಡಿದು ತಾನೂ ನಗುತ್ತಿದ್ದಳು. ಆ ಮೂರು ತಿಂಗಳಲ್ಲಿ ಒಂದು ಸಲ, ಒಂದೇ ಒಂದು ಸಲ, ಅವನು ಅವಳ ಕಡೆಗೂ ವಾಲಬಹುದಿತ್ತು. ಆದರೆ ಅವಳು ಹೇಳಿದ ದಿನಕ್ಕೇ ತೆಗೆಯಬೇಕೆಂದು ಅವನ ಹಟ. ಇನ್ನೇನು ಒಂದೇ ತಿಂಗಳಿದೆ ಎನ್ನುವಾಗ ನನ್ನನ್ನು ಹುಬ್ಬಳ್ಳಿಗೆ ಕಳಿಸಿದ.

ರಿಪೇರಿಯವನ ಕೈ ಬಹಳ ಹಗುರ. ನನ್ನನ್ನು ಬಿಚ್ಚಿ, ವಾಲಿದ ಗಾಜನ್ನು ಎತ್ತಿ ಕೂರಿಸಿ, ಒಂದು ತಿರುಪು ಬಿಗಿದು, ಓರೆಯಾಗಿ ಇಟ್ಟ ಅಳತೆಪಟ್ಟಿಗೆ ಹಿಡಿದು ನೋಡಿದ. ಹದಿನೈದು ನಿಮಿಷದ ಕೆಲಸ. ಸಾಲಿನಲ್ಲಿ ಕಾದದ್ದು ಮೂರು ವಾರ. ಆ ಮೂರು ವಾರದಲ್ಲಿ ಗುಳೇದಗುಡ್ಡದಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಬಂದವರು ಹೋದವರು ಆಡಿದ ಮಾತಿನಿಂದ ಆಮೇಲೆ ತಿಳಿದೆ.

ನೀಲವ್ವನಿಗೆ ಜ್ವರ ಬಂತು. ಓಣಿಯಲ್ಲಿ ಎಲ್ಲರಿಗೂ ಬರುತ್ತಿದ್ದ ಡೆಂಗಿ ಜ್ವರ. ಎರಡು ದಿನ ಕಷಾಯ ಕುಡಿದು ಫೋಟೋ ಕತ್ತರಿಸಿದಳು. ಮೂರನೆಯ ದಿನ ಬಾಗಲಕೋಟೆಗೆ ಕರೆದೊಯ್ದರು. ಆರನೆಯ ದಿನ ಬೆಳಿಗ್ಗೆ ಹೋದಳು. ಆಗವಳಿಗೆ ಇಪ್ಪತ್ತೊಂಬತ್ತು ವರ್ಷ.

ನಡುಮನೆಯಲ್ಲಿ, ಕಾಶವ್ವ ಕೂತ ಜಾಗದಲ್ಲೇ ಅವಳನ್ನು ಕೂರಿಸಿದರು. ಯಾರೋ ಬಾದಾಮಿಯಿಂದ ಫೋಟೋದವನನ್ನು ಕರೆಸಿದ್ದರು. ಅವನು ಕ್ಯಾಮೆರಾ ಎತ್ತಿದಾಗ ಚನ್ನವೀರ ಎದ್ದು ಎರಡೂ ಕೈ ಅಡ್ಡ ಹಿಡಿದನಂತೆ. ಹಿರಿಯರು ಬುದ್ಧಿ ಹೇಳಿದರು. ಮಗಳಿಗಾದರೂ ತಾಯಿಯ ಮುಖ ಬೇಡವೇ ಎಂದು ಅತ್ತರು. ಅವನು ಬಿಡಲಿಲ್ಲ. ಬ್ಯಾಡ ಅಂದಾಳ, ಬ್ಯಾಡ ಅಂದಾಳ ಎಂದು ಅದೊಂದೇ ಮಾತು. ಎಲ್ಲದಕ್ಕೂ ಸಿಗುತ್ತಿದ್ದ ಅವನ ಹೂಂಗಳಲ್ಲಿ ಅದೊಂದನ್ನು ಮಾತ್ರ ಉಳಿಸಿಕೊಂಡ.

ನಾನು ಪೂರಾ ಗುಣವಾಗಿ, ಪೆಟ್ಟಿಗೆಯಲ್ಲಿ ಕೂತು ಮನೆಗೆ ಬಂದದ್ದು ಅವಳು ಹೋದ ಐದನೆಯ ದಿನ. ಮುಚ್ಚಳ ತೆಗೆದಾಗ ಸ್ಟುಡಿಯೋದಲ್ಲಿ ಫೋಟೋಗಳ ರಾಶಿ. ಚನ್ನವೀರ ನೆಲದ ಮೇಲೆ ಕೂತು ಹತ್ತು ವರ್ಷದ ಆಲ್ಬಮ್ಮುಗಳನ್ನು, ಕಂಪ್ಯೂಟರಿನ ಮೂಲೆ ಮೂಲೆಯನ್ನು ತಡಕುತ್ತಿದ್ದ. ಹನ್ನೊಂದನೆಯ ದಿನದ ಕಾರ್ಯಕ್ಕೆ ಒಂದು ಮುಖ ಬೇಕಿತ್ತು. ಸಿಕ್ಕಿದ್ದೇನು? ಪರದೆಯ ಅಂಚು ಹಿಡಿದ ಹೆಬ್ಬೆರಳು. ಬೆಳಕಿನ ಹಲಗೆಯ ಹಿಂದಿನ ಮೊಣಕೈ. ವಧುವಿನ ಸೆರಗು ಸರಿಮಾಡುವ ಒಂದು ಕೈ, ನಾಲ್ಕು ಬಳೆ. ಮುಖ ಎಲ್ಲೂ ಇರಲಿಲ್ಲ. ಒಂದು ಹೊತ್ತಿನಲ್ಲಿ ಅವನ ಕೈ ನಿಂತಿತು. ಅವನಿಗೆ ನೆನಪಾದದ್ದು ಏನೆಂದು ನನಗೆ ಗೊತ್ತಾಯಿತು. ಎದ್ದು ಕಾಶವ್ವನ ಫೋಟೋದ ಮುಂದೆ ನಿಂತ. ಕಂಪ್ಯೂಟರಿನಲ್ಲಿ ಅದನ್ನು ತೆರೆದ, ಹಿಂದಕ್ಕೆ ಹೋಗುವ ಗುಂಡಿಯನ್ನು ಒತ್ತಿದ, ಒತ್ತುತ್ತಲೇ ಇದ್ದ. ಮುಚ್ಚಿ ತೆರೆದ ಚಿತ್ರದಲ್ಲಿ ಹಿಂದಕ್ಕೆ ಹೋಗಲು ಏನೂ ಇರುವುದಿಲ್ಲ. ಕಾರ್ಡನ್ನು ಹುಬ್ಬಳ್ಳಿಗೆ ಒಯ್ದು, ಅಳಿದದ್ದನ್ನು ತೆಗೆದುಕೊಡುವವರ ಹತ್ತಿರ ಕೊಟ್ಟ. ಯಾರ ಯಾರದೋ ಮದುವೆಗಳು ಬಂದವು. ನೀಲವ್ವ ಬರಲಿಲ್ಲ.

ಹನ್ನೊಂದನೆಯ ದಿನ ಮನೆ ತುಂಬ ಜನ. ಮಣೆಯ ಮೇಲೆ ಚನ್ನವೀರ ಕಾಶವ್ವನ ಫೋಟೋ ಇಟ್ಟಿದ್ದ. ನನ್ನನ್ನು ಕ್ಯಾಮೆರಾಕ್ಕೆ ಹಚ್ಚಿ, ಮುಚ್ಚಳ ತೆಗೆದು, ಎದುರಿನ ಗೂಡಿನಲ್ಲಿ ಇಟ್ಟಿದ್ದ. ಯಾಕೆ ಇಟ್ಟನೋ ತಿಳಿಯದು. ಹುಚ್ಚೇಶ ಬಂದು ನಿಂತವನು ಫೋಟೋ ನೋಡಿ ಕೆರಳಿದ.

"ಮಾವಾರ, ನಮ್ಮಕ್ಕನ ಫೋಟೋ ಎಲ್ಲೈತಿ? ಸತ್ತ ಮ್ಯಾಲೂ ಆಕಿಗೆ ಒಂದು ಜಾಗ ಇಲ್ಲೇನು?"

ಚನ್ನವೀರ ಬಗ್ಗಿ, ತಾಯಿಯ ಹಣೆಯ ಮೇಲೆ ಗಾಜಿಗೆ ವಿಭೂತಿ ಹಚ್ಚಿದ. ಆಮೇಲೆ ಕುಂಕುಮದ ಬಟ್ಟಲಿಗೆ ಬೆರಳದ್ದಿ, ದವಡೆಯ ಕೆಳಗೆ ಮಲ್ಲಿಗೆ ಹಾರದ ಅಂಚಿನಲ್ಲಿದ್ದ ಆ ನಾಲ್ಕು ಬೆರಳಿಗೆ ಒಂದು ಬೊಟ್ಟು ಇಟ್ಟ. ಹುಚ್ಚೇಶ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದ. ತೋರುಬೆರಳಿನ ಗೆಣ್ಣಿನ ಮೇಲೆ ಒಂದು ಹಳೆಯ ಗಾಯದ ಗೆರೆ ನಿಚ್ಚಳವಾಗಿ ಕಾಣುತ್ತಿತ್ತು. ನನ್ನ ಪುಣ್ಯಕ್ಕೆ ಅದೊಂದು ಉಳಿದಿತ್ತು.

"ಸಣ್ಣಾಂವ ಇದ್ದಾಗ ನಾ ಲಾಳಿ ಜಗ್ಗಿ ಬಡದದ್ದು ಇದು" ಎಂದ. ತಾನು ನೇಯ್ದು ತಂದಿದ್ದ ಹೊಸ ಖಣವನ್ನು ಫೋಟೋದ ಮುಂದೆ ಇಟ್ಟು, ಅಲ್ಲೇ ಕುಸಿದು ಅತ್ತ.

ನನ್ನ ಕೆಲಸ ಅಲ್ಲಿಗೇ ಮುಗಿಯಿತೆನ್ನಬೇಕು. ಚನ್ನವೀರ ಮತ್ತೆ ಫೋಟೋ ತೆಗೆಯಲು ಶುರುಮಾಡಿದ, ಹೊಟ್ಟೆ ಕೇಳಬೇಕಲ್ಲ. ಆದರೆ ಗುರಿಯಿಟ್ಟು ಪಿಂಯ್ ಎಂದೊಡನೆ ಅವನ ಮೈ ತಾನಾಗಿ ಹಿಂದಕ್ಕೆ ವಾಲುತ್ತಿತ್ತು. ಈಗ ನಾನು ನೆಟ್ಟಗಿದ್ದೆ, ಅವನ ವಾಲಾಟದಿಂದ ಚಿತ್ರ ಕೆಡುತ್ತಿತ್ತು. ಕೊರಳ ಹಾರ ನಿಚ್ಚಳ, ಕಣ್ಣು ಮಂಜು. ಎಷ್ಟು ಪ್ರಯತ್ನಿಸಿದರೂ ಆ ಅಭ್ಯಾಸ ಹೋಗಲಿಲ್ಲ. ಕೊನೆಗೆ ಬೇರೆ ಲೆನ್ಸು ಕೊಂಡು, ನನ್ನನ್ನು ಕೌಂಟರಿನ ಗಾಜಿನ ಕಪಾಟಿನಲ್ಲಿ ಇಟ್ಟ. ಊರವರು ಬಂದು ಬಾಗಿಲು ತಟ್ಟಿ ಕರೆಯುತ್ತಿದ್ದ ಆ ಕೊನೆಯ ಫೋಟೋಗಳಿಗೆ ಮಾತ್ರ ಅವನು ಮತ್ತೆಂದೂ ಹೋಗಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಮುಚ್ಚಳ ಎಂದೋ ಕಳೆದಿದೆ. ಒಳಗಿನ ಗಾಜಿಗೆ ಬೂಷ್ಟು ಹಿಡಿದು, ಲೋಕವೆಲ್ಲ ಜೇಡರ ಬಲೆಯ ಆಚೆಗಿದ್ದಂತೆ ಕಾಣುತ್ತದೆ. ಕೌಂಟರಿನಲ್ಲಿ ದಾನಿ ಕೂರುತ್ತಾಳೆ. ಅವಳಿಗೆ ಹದಿನಾರು. ಶಾಲೆ ಬಿಟ್ಟಮೇಲೆ ಬಂದು ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಾಳೆ. ಬೆಳಿಗ್ಗೆ ಅಜ್ಜಿಯ ಫೋಟೋಕ್ಕೆ ವಿಭೂತಿ, ಆ ಬೆರಳುಗಳಿಗೆ ಕುಂಕುಮ ಇಡುವವಳೂ ಅವಳೇ. ಹಚ್ಚಿ ಹಚ್ಚಿ ಗಾಜಿನ ಮೇಲೆ ಅಲ್ಲೊಂದು ಕೆಂಪು ಕಲೆ ನಿಂತಿದೆ.

ಕಳೆದ ವಾರ ಅವಳು ಕತ್ತರಿ ಕೆಳಗಿಟ್ಟು ಕೇಳಿದಳು. "ಅಪ್ಪಾ, ಅವ್ವ ಹೆಂಗಿದ್ಲು?"

ಚನ್ನವೀರನ ತಲೆ ನೆರೆತಿದೆ. ಅವನು ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದ. ಆಮೇಲೆ ಹೇಳಿದ. "ಸುಳ್ಳ ಹೇಳಂಗಿಲ್ಲವ್ವ. ನೆನಸಾಕ ಹೋದ್ರ ಆ ಜಾಗದಾಗ ನಾ ಬಳದ ನೀಲಿ ಬಣ್ಣ ಅಷ್ಟ ಕಾಣ್ತೈತಿ."

ದಾನಿ ಕತ್ತರಿ ಎತ್ತಿಕೊಂಡಳು.

ಆ ಮುಖವನ್ನು ಕಂಡಿರುವುದು ನಾನು. ಆದರೆ ಗಾಜಿನ ಹಣೆಬರಹ ನೋಡಿ, ಬಂದ ಬೆಳಕೆಲ್ಲ ದಾಟಿ ಹೋಗುತ್ತದೆ. ನನ್ನನ್ನು ಹಿಂಡಿದರೂ ಒಂದು ಚಿತ್ರ ಹೊರಗೆ ಬರುವುದಿಲ್ಲ. ನೀವು ಎಂದಾದರೂ ಗುಳೇದಗುಡ್ಡಕ್ಕೆ ಹೋದರೆ, ಸ್ಟುಡಿಯೋದಲ್ಲಿ ಕೂತ ಆ ಹುಡುಗಿಗೆ ನನ್ನ ಪರವಾಗಿ ಇಷ್ಟು ಹೇಳಿ. ನಿನ್ನ ಅವ್ವನ ಹಣೆ ಕಿರಿದಾಗಿತ್ತು, ಕೂದಲಿಗೆ ಅಂದು ಎಣ್ಣೆ ಇರಲಿಲ್ಲ. ಕುಂಕುಮ ಸ್ವಲ್ಪ ಎಡಕ್ಕೆ ಸರಿದಿತ್ತು. ಬಲಗಣ್ಣಿನ ರೆಪ್ಪೆಯ ತುದಿಯಲ್ಲಿ ಒಂದು ಹನಿ ಬೀಳದೆ ನಿಂತಿತ್ತು. ಅಳು ತಡೆಯಲು ಅವಳು ಕೆಳತುಟಿಯ ಎಡ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಫೋಟೋ ಕತ್ತರಿಸುವಾಗ ನೀನೂ ಹಾಗೆಯೇ ಕಚ್ಚಿ ಹಿಡಿಯುತ್ತೀ.